ಮುಳಬಾಗಿಲಿನ ರಾಜ್ಯಶಾಸ್ತ್ರಜ್ಞ

ಕಗ್ಗದ ಕವಿಯೆಂದು ಮನೆಮಾತಾದ ಡಿ.ವಿ. ಗುಂಡಪ್ಪನವರಲ್ಲಿ ಒಬ್ಬ ದೊಡ್ಡ ರಾಜ್ಯಶಾಸ್ತ್ರಜ್ಞನೂ ಇದ್ದ. ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಅವರು ಮೆಟ್ರಿಕ್ಯುಲೇಷನ್ ದಾಟಲಿಲ್ಲ. ಆದರೂ ರಾಜ್ಯವೆಂದರೇನು, ಪ್ರಜೆಯ ಹೊಣೆಯೇನು ಎಂಬ ಪ್ರಶ್ನೆಗಳನ್ನು ಬದುಕಿನುದ್ದಕ್ಕೂ ಶ್ರದ್ಧೆಯಿಂದ ಅಭ್ಯಾಸ ಮಾಡಿದರು.

‘ಕರ್ನಾಟಕ’ ಪತ್ರಿಕೆಯ ಸಂಪಾದಕರಾಗಿ ಅವರು ಮೈಸೂರು ಸಂಸ್ಥಾನದ ಆಡಳಿತವನ್ನು ನಿರ್ಭೀತಿಯಿಂದ ವಿಮರ್ಶಿಸಿದರು. ಬ್ರಿಟಿಷ್ ಇಂಡಿಯಾದ ಸ್ವರಾಜ್ಯದ ಮಾತು ಎಲ್ಲೆಡೆ ಕೇಳುತ್ತಿದ್ದಾಗ, ದೇಶೀಯ ಸಂಸ್ಥಾನಗಳ ಪ್ರಜೆಗಳ ಹಕ್ಕೇನು ಎಂದು ಕೇಳಿದವರಲ್ಲಿ ಅವರೂ ಒಬ್ಬರು. ಮೈಸೂರಿನ ಶಾಸನ ಪರಿಷತ್ತಿನ ಸದಸ್ಯರಾಗಿ ಶಾಸನಸಭೆಯ ಕೆಲಸವನ್ನೂ ಒಳಗಿನಿಂದ ಕಂಡರು. ಆ ಅನುಭವವೂ ಓದೂ ಸೇರಿ ‘ರಾಜ್ಯಶಾಸ್ತ್ರ’, ‘ರಾಜ್ಯಾಂಗ ತತ್ತ್ವಗಳು’ ಎಂಬ ಗ್ರಂಥಗಳಾದವು. ಇಂಗ್ಲಿಷ್ ಬಾರದ ಓದುಗನೂ ಸಂವಿಧಾನದ ತತ್ತ್ವವನ್ನು ತಿಳಿಯಬೇಕೆಂಬುದು ಅವುಗಳ ಹಿಂದಿನ ಕಳಕಳಿ.

1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. ಸಾರ್ವಜನಿಕ ಜೀವನ ಧರ್ಮಬುದ್ಧಿಯಿಂದ ನಡೆಯಬೇಕೆಂಬ ಗೋಪಾಲಕೃಷ್ಣ ಗೋಖಲೆಯವರ ಆದರ್ಶವೇ ಅದರ ತಳಪಾಯ. ಉಪನ್ಯಾಸ, ಅಧ್ಯಯನಗೋಷ್ಠಿ, ಪುಸ್ತಕ ಭಂಡಾರಗಳ ಮೂಲಕ ಪ್ರಜೆಯನ್ನು ತಯಾರುಮಾಡುವುದು ಅದರ ಕೆಲಸ. ಸನ್ಮಾನದಲ್ಲಿ ಬಂದ ನಿಧಿಯನ್ನೂ ಗುಂಡಪ್ಪನವರು ಆ ಸಂಸ್ಥೆಗೇ ಒಪ್ಪಿಸಿದರು.

ಅಧಿಕಾರದ ಹತ್ತಿರವಿದ್ದೂ ಅದಕ್ಕೆ ಕೈಚಾಚದೆ, ಆಳುವವರಿಗೂ ಆಳಿಸಿಕೊಳ್ಳುವವರಿಗೂ ಒಂದೇ ನಿಷ್ಠುರತೆಯಿಂದ ಬುದ್ಧಿ ಹೇಳಿದ್ದು ಅವರ ಹಿರಿಮೆ. ಮತದಾನ ಪ್ರಜೆಯ ಕರ್ತವ್ಯದ ಆರಂಭ ಮಾತ್ರ. ತಿಳಿವಳಿಕೆ, ನಿಗಾ, ಸಂಯಮ ಅದರ ಮುಂದಿನ ಭಾಗ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕಾಲೇಜುಗಳಲ್ಲಿ ಓದುವ ಮಕ್ಕಳು ಕಗ್ಗದ ಜೊತೆಗೆ ‘ರಾಜ್ಯಶಾಸ್ತ್ರ’ವನ್ನೂ ತೆರೆಯಲಿ. ತಮ್ಮ ನೆಲದ ಈ ಹಿರಿಯರಿಗೆ ಅದಕ್ಕಿಂತ ದೊಡ್ಡ ಗೌರವವಿಲ್ಲ.