ಮಾಡಿಗೆ ಸಾಲ, ನೆಲಕ್ಕೆ ಏನು?

ದಲಿತ ವಿಮರ್ಶೆ ಅಂದಕೂಡಲೆ ನಾವು ಕತೆ, ಕವಿತೆ, ಆತ್ಮಕಥೆಗಳನ್ನು ಮುಂದಿಟ್ಟುಕೊಂಡು ಕೂರುತ್ತೇವೆ. ಮನೆಯ ನಕ್ಷೆಯೂ ಒಂದು ಪಠ್ಯವೇ. ಅದನ್ನು ಯಾರು ಬರೆದರು, ಯಾರಿಗಾಗಿ ಬರೆದರು, ಏನನ್ನು ಬರೆಯದೆ ಬಿಟ್ಟರು ಎಂದು ಕೇಳುವ ಹಕ್ಕು ಆ ಮನೆಯೊಳಗೆ ಬಾಳಬೇಕಾದ ನಮಗಿದೆ. ಬಡವರ ಮನೆಗಳ ಬಗ್ಗೆ ದಶಕಗಟ್ಟಲೆ ಯೋಚಿಸಿದ ಆಧುನಿಕ ವಾಸ್ತುಶಿಲ್ಪಿ ಒಟ್ಟೊ ಕೊನಿಗ್ಸ್‌ಬರ್ಗರ್ ಅವರನ್ನು ಇಟ್ಟುಕೊಂಡು ಈ ಪ್ರಶ್ನೆ ಕೇಳಬೇಕೆಂದಿದ್ದೇನೆ.

1908ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಇವರು ಯಹೂದಿ. ನಾಜಿಗಳು ಅಧಿಕಾರಕ್ಕೆ ಬಂದ 1933ರಲ್ಲಿ ಆ ಹುಟ್ಟಿನ ಕಾರಣಕ್ಕೇ ಕೆಲಸ ಹೋಯಿತು. ಈಜಿಪ್ಟಿಗೆ ಹೋಗಿ, 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಸರ್ಕಾರದ ಮುಖ್ಯ ವಾಸ್ತುಶಿಲ್ಪಿಯಾದರು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲ ಅದು. ಬೆಂಗಳೂರಿನ ಜನ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯ ಹಲವು ಕಟ್ಟಡಗಳು ಇವರವು. 1948ರಲ್ಲಿ ನೆಹರೂ ಸರ್ಕಾರ ಇವರನ್ನು ದೆಹಲಿಗೆ ಕರೆದು ವಸತಿ ನಿರ್ದೇಶಕರನ್ನಾಗಿ ಮಾಡಿತು. ದೇಶವಿಭಜನೆಯ ನಿರಾಶ್ರಿತರಿಗೆ ಮನೆ ಬೇಕಿತ್ತು. ಕಾಂಕ್ರೀಟಿನ ಹಲಗೆಗಳನ್ನು ಕಾರ್ಖಾನೆಯಲ್ಲೇ ಎರಕ ಹೊಯ್ದು, ತಂದು ಜೋಡಿಸುವ ಯೋಜನೆ ಶುರುವಾಯಿತು. ಹಲಗೆಗಳು ಬಿರುಕು ಬಿಟ್ಟವು, ಯೋಜನೆ ಮುಗ್ಗರಿಸಿತು. 1951ರಲ್ಲಿ ಅವರು ಲಂಡನ್ನಿಗೆ ಹೊರಟರು.

ಈ ಸೋಲು ಅವರಿಗೆ ಪಾಠ ಕಲಿಸಿತ್ತು ಅಂತ ನನಗೆ ಅನ್ನಿಸುತ್ತದೆ. 1950ರ ದಶಕದ ನಡುವೆ ವಿಶ್ವಸಂಸ್ಥೆಯ ಪರವಾಗಿ ಗೋಲ್ಡ್ ಕೋಸ್ಟಿಗೆ, ಅಂದರೆ ಇಂದಿನ ಘಾನಾಕ್ಕೆ, ಹೋದ ಮೂವರಲ್ಲಿ ಅವರೊಬ್ಬರು. ಚಾರ್ಲ್ಸ್ ಅಬ್ರಾಮ್ಸ್ ಮತ್ತು ವ್ಲಾದಿಮಿರ್ ಬೊದಿಯಾನ್‌ಸ್ಕಿ ಇನ್ನಿಬ್ಬರು. ಅವರು ಕೊಟ್ಟ ಸಲಹೆ ಸರಳವಾದದ್ದು. ಹಳ್ಳಿಯವರು ಗೋಡೆಯನ್ನು ತಾವೇ ಎಬ್ಬಿಸಿಕೊಳ್ಳುತ್ತಾರೆ, ಅವರಿಗೆ ಇಡೀ ಮನೆ ಕಟ್ಟಿಕೊಡುವುದು ಬೇಡ. ದುಡ್ಡು ಸಾಲದೆ ನಿಲ್ಲುವುದು ಮಾಡಿನ ಹತ್ತಿರ, ಅದಕ್ಕೆ ಸಾಲ ಕೊಡಿ.

ಇದನ್ನು ಓದಿದಾಗ ನೆನಪಾದದ್ದು ನನ್ನಜ್ಜಿ. ಹೊನ್ನಾವರದ ಅಪ್ಸರಕೊಂಡಕ್ಕೆ ಜನ ಅಬ್ಬಿ ನೋಡಲು, ಗುಡ್ಡದ ಮೇಲೆ ನಿಂತು ಸಮುದ್ರದಲ್ಲಿ ಸೂರ್ಯ ಮುಳುಗುವುದನ್ನು ನೋಡಲು ಬರುತ್ತಾರೆ. ಅಲ್ಲೇ ಗುಡ್ಡದ ಮಗ್ಗುಲಿನ ಮುಕ್ರಿ ಕೇರಿಯಲ್ಲಿ ಹುಟ್ಟಿದವ ನಾನು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆ. ಪ್ರತಿ ಮೇ ತಿಂಗಳಲ್ಲೂ ಹಳೇ ಮಡ್ಲು ಕಿತ್ತು ಹೊಸ ಮಡ್ಲು ಹೊದೆಸಬೇಕು. "ಗೋಡೆ ಕೈಲಾತದೆ ತಮಾ, ಮಾಡು ಕೈಲಾಗೂದಿಲ್ಲ" ಅನ್ನುತ್ತಿದ್ದಳು ಅಜ್ಜಿ. ವಿಶ್ವಸಂಸ್ಥೆಯ ತಜ್ಞರು ಆಫ್ರಿಕಾದಲ್ಲಿ ಕಂಡದ್ದನ್ನೇ ನಮ್ಮಜ್ಜಿ ತೆಂಗಿನ ಗರಿ ಹೆಣೆಯುತ್ತ ಹೇಳಿದ್ದಳು. ಬಡವರ ಕೈಕೆಲಸವನ್ನು ನಂಬಿದ ಈ ಗುಣಕ್ಕೆ ನಾನು ಕೊನಿಗ್ಸ್‌ಬರ್ಗರ್ ಅವರನ್ನು ಗೌರವಿಸುತ್ತೇನೆ.

ತಕರಾರು ಶುರುವಾಗುವುದು ಮುಂದೆ. 1974ರಲ್ಲಿ ಅವರು ಇನ್ನು ಮೂವರ ಜೊತೆ ಸೇರಿ ಬರೆದ ಉಷ್ಣವಲಯದ ವಸತಿ ಕೈಪಿಡಿ ವಾಸ್ತುಶಿಲ್ಪದ ವಿದ್ಯಾರ್ಥಿಗಳಿಗೆ ಪಠ್ಯವಾಗಿ ಬಂದ ಪುಸ್ತಕ. ಸೂರ್ಯನ ದಾರಿ, ಗಾಳಿಯ ದಿಕ್ಕು, ತೇವಾಂಶ, ನೆರಳು ಎಲ್ಲಕ್ಕೂ ಅಲ್ಲಿ ಲೆಕ್ಕವಿದೆ. ನಮ್ಮ ಕರಾವಳಿಯಂಥ ಬಿಸಿಯೂ ತೇವವೂ ಇರುವ ಕಡೆ ಗಾಳಿಯೇ ಮುಖ್ಯ, ಮನೆಮನೆಯ ನಡುವೆ ಅಂತರ ಬಿಡಬೇಕು ಎನ್ನುತ್ತದೆ ಈ ಶಾಸ್ತ್ರ. ಸರಿಯಾದ ಮಾತು. ಆದರೆ ಅಂತರಕ್ಕೆ ನೆಲ ಬೇಕಲ್ಲ? ನಮ್ಮ ಕೇರಿಯಲ್ಲಿ ಒಂದು ಮನೆಯ ಮಾಡಿನ ನೀರು ಇನ್ನೊಂದು ಮನೆಯ ಗೋಡೆಗೆ ಬೀಳುತ್ತದೆ. ಮನೆಗಳ ನಡುವಿನ ಅಂತರವನ್ನು ಅಳೆದ ಶಾಸ್ತ್ರಕ್ಕೆ ಊರಿಗೂ ಕೇರಿಗೂ ನಡುವಿನ ಅಂತರವನ್ನು ಅಳೆಯುವ ಕೋಲಿಲ್ಲ. ಬಿಸಿಲಿಗೆ ಬೆವರುವ ಮೈ ಅದಕ್ಕೆ ಗೊತ್ತು. ಆ ಮೈಗೆ ಜಾತಿ ಇದೆ ಎಂಬುದು ಗೊತ್ತಿಲ್ಲ.

ಹವಾಮಾನದ ಪುಸ್ತಕದಲ್ಲಿ ಜಾತಿ ಹುಡುಕುವುದು ಅನ್ಯಾಯ ಎಂದು ಗೆಳೆಯರು ಹೇಳಬಹುದು. ಒಪ್ಪುತ್ತಿದ್ದೆ, ಗಾಳಿ ಎಲ್ಲರಿಗೂ ಒಂದೇ ಥರ ಬೀಸುವುದಾಗಿದ್ದರೆ. ಗಾಳಿ ಬರುವ ಜಾಗ ಯಾರದು, ಗುಡ್ಡ ಜರಿಯುವ ಜಾಗ ಯಾರದು ಎಂದು ತೀರ್ಮಾನ ಆದಮೇಲೆ ಅಲ್ಲವೇ ನಕ್ಷೆ ಬರೆಯುವವರು ಬರುವುದು? ಕೊನಿಗ್ಸ್‌ಬರ್ಗರ್ ಮುಂದೆ ಜಮೀನು ನೀತಿಯ ಬಗ್ಗೆಯೂ ಕೆಲಸ ಮಾಡಿದರು ನಿಜ. ಆದರೆ ಜಮೀನಿನ ಬೆಲೆಯ ಪ್ರಶ್ನೆ ಬೇರೆ, ಜಮೀನಿನ ಜಾತಿಯ ಪ್ರಶ್ನೆ ಬೇರೆ.

ಅವರು ದೆಹಲಿಗೆ ಬಂದ 1948ನೇ ಇಸವಿಯಲ್ಲೇ, ಅದೇ ಊರಲ್ಲಿ, ನವೆಂಬರ್ 4ರಂದು ಬಾಬಾಸಾಹೇಬರು ಸಂವಿಧಾನ ಸಭೆಯಲ್ಲಿ ಹಳ್ಳಿಯ ಬಗೆಗಿನ ಭ್ರಮೆಯನ್ನು ಒಡೆದು ಮಾತಾಡಿದರು. ಅದಕ್ಕೂ ಮೊದಲು, 1942ರ ನಾಗಪುರ ಸಮ್ಮೇಳನದಲ್ಲಿ, ದಲಿತರಿಗೆ ಪ್ರತ್ಯೇಕ ಹಳ್ಳಿಗಳೇ ಬೇಕೆಂಬ ಬೇಡಿಕೆ ಬಂದಿತ್ತು. ಅಂದರೆ ನಮ್ಮವರು ವಸತಿಯ ಪ್ರಶ್ನೆಯನ್ನು ಮಾಡಿನಿಂದ ಶುರು ಮಾಡಲಿಲ್ಲ, ನೆಲದಿಂದ ಶುರು ಮಾಡಿದರು. ಹುಟ್ಟಿನ ಕಾರಣಕ್ಕೆ ದೇಶ ಬಿಟ್ಟು ಬಂದ ಒಬ್ಬ ಮನುಷ್ಯ, ಹುಟ್ಟಿನ ಕಾರಣಕ್ಕೆ ಊರ ಹೊರಗಿಟ್ಟ ಜನರ ಈ ಮಾತನ್ನು ತನ್ನ ಶಾಸ್ತ್ರದೊಳಗೆ ತರಲಿಲ್ಲ. ಇದು ನನ್ನನ್ನು ಕಾಡುತ್ತದೆ.

ಇವತ್ತಿನ ಮಾತಿಗೆ ಬರೋಣ. ಸರ್ಕಾರದ ವಸತಿ ಯೋಜನೆಗಳಲ್ಲಿ ದುಡ್ಡು ಹಂತಹಂತವಾಗಿ ಬರುತ್ತದೆ: ತಳಪಾಯ, ಲಿಂಟಲ್, ಛಾವಣಿ. ಒಂದೊಂದಕ್ಕೂ ಜಿಪಿಎಸ್ ಫೋಟೊ. ಆ ಫೋಟೊ ಮನೆಯ ಅಕ್ಷಾಂಶ ರೇಖಾಂಶ ಹೇಳುತ್ತದೆ, ಊರ ಬಾವಿಯಿಂದ ಎಷ್ಟು ದೂರ ಅಂತ ಹೇಳುವುದಿಲ್ಲ. ಇದೆಲ್ಲಕ್ಕಿಂತ ಮೊದಲು ನಿವೇಶನದ ಕಾಗದ ತೋರಿಸಬೇಕು. ನಮ್ಮ ಜಿಲ್ಲೆಯಲ್ಲಿ ಸಾವಿರಾರು ಮನೆಗಳಿರುವುದು ಅರಣ್ಯ ಇಲಾಖೆಯ ಜಾಗದಲ್ಲಿ. 2006ರ ಅರಣ್ಯ ಹಕ್ಕು ಕಾಯ್ದೆ ಪರಿಶಿಷ್ಟ ಪಂಗಡದವರಲ್ಲದವರಿಗೆ ಮೂರು ತಲೆಮಾರಿನ, ಎಪ್ಪತ್ತೈದು ವರ್ಷದ ವಾಸದ ಸಾಕ್ಷಿ ಕೇಳುತ್ತದೆ. ಮುಕ್ರಿಗಳು ಪರಿಶಿಷ್ಟ ಜಾತಿ, ಹಾಗಾಗಿ ನಮಗೂ ಅದೇ ಲೆಕ್ಕ. ಅಪ್ಪ ಅರ್ಜಿ ಹಿಡಿದು ಹೋದ ಒಂದು ಕಚೇರಿಯಲ್ಲಿ "ಹಳೇ ಮನೆಯ ಗುರುತು ಏನಿದೆ?" ಎಂದು ಕೇಳಿದರಂತೆ. ಏನಿರುತ್ತದೆ? ಮಣ್ಣಿನ ಗೋಡೆ ಮಣ್ಣಿಗೆ ಸೇರಿದೆ. ಹಳೇ ಮಡ್ಲು ಒಲೆಗೆ ಹೋಗಿದೆ. ಹೆಂಚಿನ ಮನೆಯವರ ಹತ್ತಿರ ಮನೆ ತೆರಿಗೆಯ ರಸೀದಿ ಇದ್ದೀತು, ಮಡ್ಲಿನ ಮನೆಗೆ ಯಾರು ರಸೀದಿ ಕೊಟ್ಟರು? ಮಾಡಿಲ್ಲದ ಬಡತನವೇ ನೆಲವಿಲ್ಲ ಎನ್ನುವುದಕ್ಕೂ ಸಾಕ್ಷಿಯಾಗಿಬಿಟ್ಟಿದೆ.

ಆದ್ದರಿಂದ ಬಡವರ ಮನೆಯ ಬಗ್ಗೆ ಬರೆದ ಯಾವ ನಕ್ಷೆಯನ್ನು ಓದುವಾಗಲೂ, ಅದು ದೆಹಲಿಯದಿರಲಿ ಬೆಂಗಳೂರಿನದಿರಲಿ, ಒಂದು ಪ್ರಶ್ನೆಯನ್ನು ಮೊದಲು ಇಡೋಣ: ಈ ಮನೆ ನಿಂತ ನೆಲ ಯಾರ ಹೆಸರಲ್ಲಿದೆ? ಗಾಳಿ ಬೆಳಕಿನ ಮಾತು ಆಮೇಲೆ. ಅಜ್ಜಿ ತೀರಿಕೊಂಡು ಆರು ವರ್ಷವಾಯಿತು. ಅಪ್ಪನ ಅರ್ಜಿ ಇನ್ನೂ ಬಾಕಿ ಇದೆ.