ನೈಸ್ ಅಂದರೆ ಏನು ಹೇಳಿದಂತಾಯಿತು?

ಇಂಗ್ಲಿಷಿನಲ್ಲಿ 'ನೈಸ್' ಎಂಬ ಗುಣವಾಚಕದಷ್ಟು ದುಡಿಯುವ, ಅಷ್ಟೇ ಸೋಮಾರಿಯಾದ ಪದ ಇನ್ನೊಂದು ಸಿಗಲಿಕ್ಕಿಲ್ಲ. ಹವೆ ನೈಸ್, ಮನೆ ನೈಸ್, ಪಕ್ಕದ ಮನೆಯವರು ನೈಸ್, ಅವರ ನಾಯಿಯೂ ನೈಸ್. ಇಲ್ಲಿ ಅಮೆರಿಕದ ಅಂಗಡಿಗಳಲ್ಲಿ ಚಿಲ್ಲರೆ ಎಣಿಸಿ ಕೊಡುವವರು ಕೂಡ ನಮ್ಮ ದಿನ ನೈಸಾಗಿರಲಿ ಎಂದು ಹಾರೈಸಿಯೇ ಕಳಿಸುತ್ತಾರೆ. ನಾವು ಕನ್ನಡಿಗರೂ ಈ ಪದವನ್ನು ಧಾರಾಳವಾಗಿ ಮನೆಗೆ ತಂದುಕೊಂಡಿದ್ದೇವೆ. ಸಾಹಿತ್ಯ ಕೂಟದಲ್ಲಿ ಕವಿತೆ ಓದಿದವರಿಗೂ ಅದೇ, ಬಿಸಿಬೇಳೆಭಾತ್ ಮಾಡಿ ತಂದವರಿಗೂ ಅದೇ. ಎರಡಕ್ಕೂ ಒಂದೇ ಪದ ಸಾಕಾದರೆ ಒಂದಕ್ಕೆ ಅನ್ಯಾಯವಾಗುತ್ತಿದೆ ಎಂದೇ ಅರ್ಥ. ಯಾವುದಕ್ಕೆ ಎಂದು ಬಿಡಿಸಿ ಹೇಳಬೇಕಿಲ್ಲ.

ಪದದ ಜಾತಕ ನೋಡಿದರೆ ನಗು ಬರುತ್ತದೆ. ಇದರ ಮೂಲ ಲ್ಯಾಟಿನ್ನಿನ 'ನೆಸ್ಕಿಯಸ್', ಅಂದರೆ ಅರಿಯದವನು. 'ಸೈನ್ಸ್' ಹುಟ್ಟಿದ್ದು 'ಅರಿ' ಎಂಬರ್ಥದ ಯಾವ ಧಾತುವಿನಿಂದಲೋ, ಅದರ ಹಿಂದೆ 'ಇಲ್ಲ' ಸೇರಿಸಿದರೆ ನೈಸ್! ಫ್ರೆಂಚಿನ ಹಾದಿಯಾಗಿ ಇಂಗ್ಲಿಷಿಗೆ ಬಂದ ಇದು 14ನೆಯ ಶತಮಾನದ ಚಾಸರನ ಕಾಲದಲ್ಲಿ ದಡ್ಡ ಎಂಬ ಬೈಗುಳವಾಗಿತ್ತು. ಮುಂದೆ ನಾಚಿಕೆ ಸ್ವಭಾವದವನು, ಎಲ್ಲದಕ್ಕೂ ಮೂಗು ಮುರಿಯುವವನು, ಕೂದಲು ಸೀಳುವಷ್ಟು ಸೂಕ್ಷ್ಮವಾದದ್ದು ಎಂದೆಲ್ಲ ವೇಷ ಬದಲಿಸಿತು. ಎರಡು ವಾದಗಳ ನಡುವಿನ ಕೂದಲೆಳೆಯ ವ್ಯತ್ಯಾಸಕ್ಕೆ ಇಂದಿಗೂ ಇಂಗ್ಲಿಷಿನಲ್ಲಿ 'ನೈಸ್' ಎನ್ನುವುದುಂಟು. 'ಹಿತವಾದದ್ದು' ಎಂಬ ಅರ್ಥ ನೆಲೆಗೊಂಡದ್ದು 18ನೆಯ ಶತಮಾನದಲ್ಲಿ. ಆಮೇಲೆ ಅದು ಎಲ್ಲರ ಮನೆಯ ಸೊಸೆ.

ಈ ಪದದ ಮೇಲೆ ನಡೆದ ಅತ್ಯಂತ ಪ್ರಸಿದ್ಧ ಜಗಳ ಜೇನ್ ಆಸ್ಟೆನ್ ಬರೆದ 'ನಾರ್ಥ್ಯಾಂಗರ್ ಅಬೆ' ಕಾದಂಬರಿಯಲ್ಲಿದೆ. ಇದು ಲೇಖಕಿ ತೀರಿಕೊಂಡ ಮೇಲೆ, 1817ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಬಾತ್ ಪಟ್ಟಣದ ಹೊರಗೆ ಬೀಚೆನ್ ಕ್ಲಿಫ್ ಗುಡ್ಡದ ಕಡೆ ವಾಯುವಿಹಾರ. ಹದಿಹರೆಯದ ಕ್ಯಾಥರೀನ್ ತನ್ನ ಮೆಚ್ಚಿನ ಕಾದಂಬರಿ 'ಉಡಾಲ್ಫೋ'ವನ್ನು ಲೋಕದಲ್ಲೇ ಅತಿ ನೈಸ್ ಪುಸ್ತಕ ಎನ್ನುತ್ತಾಳೆ. ಹೆನ್ರಿ ಟಿಲ್ನಿ ತಕ್ಷಣ ಕಾಲೆಳೆಯುತ್ತಾನೆ: ನೈಸ್ ಅಂದರೆ ಅಚ್ಚುಕಟ್ಟು ತಾನೆ, ಹಾಗಾದರೆ ಅದು ಪುಸ್ತಕದ ರಟ್ಟು ನೋಡಿ ಹೇಳಬೇಕಾದ ಮಾತು! ಈ ಪದ ಹಿಂದೆ ಬರೀ ಅಚ್ಚುಕಟ್ಟುತನ, ನಾಜೂಕುಗಳಿಗೆ ಮೀಸಲಾಗಿತ್ತೇನೋ, ಈಗ ಎಲ್ಲ ಹೊಗಳಿಕೆಯೂ ಅದೊಂದರಲ್ಲೇ ಅಡಗಿದೆ ಎಂದು ಪಾಠವನ್ನೂ ಹೇಳುತ್ತಾನೆ.

ಈ ಪ್ರಸಂಗ ಓದಿದವರೆಲ್ಲ ಹೆನ್ರಿಯ ಪಕ್ಷ ವಹಿಸುವುದು ವಾಡಿಕೆ. ನಮಗೆ ಹಾಗನ್ನಿಸುವುದಿಲ್ಲ. ಮೊದಲನೆಯದಾಗಿ, ಅವನು ಊಹಿಸುವ 'ಹಿಂದಿನ ಅರ್ಥ'ದ ಹಿಂದೆ ಇನ್ನೂ ಹಳೆಯದಾದ 'ದಡ್ಡ' ಕೂತಿದ್ದಾನೆ. ಮೂಲಾರ್ಥವೇ ಸರಿ ಎಂದು ಹಟ ಹಿಡಿದರೆ ನಿಲ್ಲುವುದೆಲ್ಲಿ? ಎರಡನೆಯದಾಗಿ, ಆಸ್ಟೆನ್ ಅವನ ತಂಗಿ ಎಲಿನರ್ ಬಾಯಲ್ಲಿ ಅವನಿಗೇ ಅದೇ ಪದದಿಂದ ಪೆಟ್ಟು ಕೊಡಿಸುತ್ತಾಳೆ: ಅಣ್ಣನಲ್ಲಿ ವಿವೇಕಕ್ಕಿಂತ 'ನೈಸ್'ತನ, ಅಂದರೆ ಮೂಗು ಮುರಿಯುವ ಗುಣ, ಹೆಚ್ಚು ಎಂದು. ಆದರೂ ಈ ಹೆನ್ರಿಗಳು ಮುಗಿಯುವುದಿಲ್ಲ. ಫೌಲರ್ 1926ರಲ್ಲಿ ತಂದ ಪ್ರಸಿದ್ಧ ಭಾಷಾಬಳಕೆಯ ಕೋಶದಲ್ಲಿ ಈ ಪದ ಕೆಟ್ಟದ್ದಕ್ಕೆ ಹೆಂಗಸರ ಮುದ್ದೇ ಕಾರಣ ಎಂದುಬಿಟ್ಟ. ಗಂಡಸರು ಅಷ್ಟೇ ಧಾರಾಳವಾಗಿ ಬಳಸಿದ್ದು ಅವನ ಕಿವಿಗೆ ಬೀಳಲಿಲ್ಲ ಎಂದು ಕಾಣುತ್ತದೆ.

ಹಾಗಾದರೆ ಪರಿಹಾರ? ಪರ್ಯಾಯ ಪದ ಹುಡುಕಿ ಎನ್ನುತ್ತಾರೆ ಇಂಗ್ಲಿಷ್ ಮೇಷ್ಟ್ರುಗಳು. ಅದಕ್ಕೆಂದೇ 1852ರಲ್ಲಿ ಹೊರಬಂದ ರೋಜೆಯ ಪದಕೋಶವಿದೆ. ಆದರೆ 'ನೈಸ್' ಎಂಬಲ್ಲಿ 'ಸೊಗಸು' ಎಂದೋ 'ಮನೋಹರ' ಎಂದೋ ಬರೆದರೆ ಅಂಗಿ ಬದಲಾಯಿತೇ ಹೊರತು ಆಳು ಬದಲಾಗಲಿಲ್ಲ. ಕನ್ನಡಕ್ಕೇನು ಪದಗಳ ಬರವೇ? ಕಿವಿಗೆ ಇಂಪು, ಮೂಗಿಗೆ ಕಂಪು, ಮೈಗೆ ತಂಪು. ಬಟ್ಟೆ ನವಿರು, ಅಕ್ಷರ ಮುದ್ದು, ಹಿಟ್ಟು ಹದ. ಒಂದೊಂದು ಇಂದ್ರಿಯಕ್ಕೂ ಬೇರೆ ಬೇರೆ ಪದ ಇಟ್ಟುಕೊಂಡ ಭಾಷೆ ನಮ್ಮದು. ಅಷ್ಟಿದ್ದೂ ಕಥೆ ಕೇಳಿದ ಮೇಲೆ ನಮ್ಮ ಬಾಯಿಂದ ಹೊರಡುವುದು 'ಚೆನ್ನಾಗಿದೆ' ಒಂದೇ.

ನಮ್ಮ ಊರುಗಳು ಮಾತ್ರ ಈ ಪರದೇಶಿ ಪದವನ್ನು ಚೆನ್ನಾಗಿ ಅಳೆದಿವೆ. ಹಿಟ್ಟು ನೈಸಾಗಿ ರುಬ್ಬಬೇಕು ಎನ್ನುತ್ತೇವೆ. ಕೆಲಸದ ಹೊತ್ತಿಗೆ ನೈಸಾಗಿ ಜಾರಿಕೊಂಡ ಎನ್ನುತ್ತೇವೆ. ನೈಸ್ ಮಾಡುವವನೆಂದರೆ ಬೆಣ್ಣೆ ಹಚ್ಚುವವನು. 'ನಯ' ಎಂಬ ನಮ್ಮ ಪದಕ್ಕೂ ಇದಕ್ಕೂ ರಕ್ತಸಂಬಂಧವಿಲ್ಲದಿದ್ದರೂ ನಡೆದ ದಾರಿ ಒಂದೇ: ನಯವಾದ ಬಟ್ಟೆ, ನಯವಾದ ಮಾತು, ಕೊನೆಗೆ ನಯವಂಚಕ. ತೀರಾ ನುಣ್ಣಗಿರುವುದನ್ನು ಅನುಮಾನದಿಂದ ನೋಡುವ ಬುದ್ಧಿ ಕನ್ನಡಕ್ಕೆ ಮೊದಲಿಂದಲೂ ಇದೆ.

ನಮ್ಮ ಕಸುಬಿನಲ್ಲೂ ಒಂದು 'ನೈಸ್' ಇದೆ. ಯುನಿಕ್ಸ್, ಲಿನಕ್ಸ್ ಗಣಕಗಳಲ್ಲಿ ಹಾಗೆಂಬ ಆಜ್ಞೆಯೇ ಉಂಟು. ಲಿನಕ್ಸಿನಲ್ಲಿ ಪ್ರತಿ ಪ್ರೋಗ್ರಾಮಿಗೂ -20ರಿಂದ 19ರವರೆಗೆ ಒಂದು ನೈಸ್‌ತನದ ಅಂಕ. ಅಂಕ ಹೆಚ್ಚಿದಷ್ಟೂ ಆ ಪ್ರೋಗ್ರಾಮು 'ನೀವು ಮೊದಲು ಹೋಗಿ ಸ್ವಾಮಿ' ಎಂದು ಬದಿಗೆ ಸರಿಯುತ್ತದೆ. ತಮಾಷೆಯೆಂದರೆ, ಅಂಕವನ್ನು ಯಾರು ಬೇಕಾದರೂ ಏರಿಸಬಹುದು, ಇಳಿಸಲು ಸಾಮಾನ್ಯವಾಗಿ ಮೇಲಿನವರ ಅಪ್ಪಣೆ ಬೇಕು! ಸಾಹಿತ್ಯ ಕೂಟಗಳ ಸ್ಥಿತಿಯೂ ಇದೇ. ಇರುವವರೇ ಹತ್ತಿಪ್ಪತ್ತು ಜನ, ನಾಳೆ ಮತ್ತೆ ಮುಖ ನೋಡಬೇಕು. ಎಲ್ಲರೂ 19ಕ್ಕೆ ಏರಿ ಕೂತಿದ್ದೇವೆ, ಇಳಿಯುವ ಧೈರ್ಯ ಯಾರಿಗೂ ಇಲ್ಲ. ವಾರವಿಡೀ ಇಂಗ್ಲಿಷಿನಲ್ಲಿ ದುಡಿದು, ರಾತ್ರಿ ನಿದ್ದೆಗೆಟ್ಟು ಕನ್ನಡದಲ್ಲಿ ಒಂದು ಕಥೆ ಬರೆದು ತಂದವರಿಗೆ ನಮ್ಮಿಂದ ಸಿಗುವುದು ಒಂದು 'ನೈಸ್'. ಯಾರಾದರೂ ನಿಜವಾಗಿ ಓದಿದರೇ ಎಂಬುದು ಅವರಿಗೆ ತಿಳಿಯುವುದೇ ಇಲ್ಲ. ಎರಡು ಮೂರು ಸಲ ಹೀಗಾದರೆ ಬರೆಯುವುದು ಯಾತಕ್ಕೆ?

ಉತ್ತರ ಆ ಹೆನ್ರಿಯ ಬಳಿಯೇ ಇದೆ. ಪಾಠ ಹೇಳುವುದಕ್ಕೆ ಸ್ವಲ್ಪ ಮುಂಚೆ ಅವನು 'ಉಡಾಲ್ಫೋ'ವನ್ನು ಎರಡೇ ದಿನದಲ್ಲಿ, ಕೂದಲು ನಿಮಿರಿ ನಿಂತಿರುವಾಗಲೇ ಓದಿ ಮುಗಿಸಿದೆ ಎಂದಿರುತ್ತಾನೆ. ತಂಗಿಗೆ ಓದಿ ಹೇಳುತ್ತೇನೆಂದು ಕೂತವನು, ಅವಳು ಐದು ನಿಮಿಷ ಎದ್ದು ಹೋದಾಗ ತಡೆಯಲಾರದೆ ಪುಸ್ತಕ ಎತ್ತಿಕೊಂಡು ಓಡಿದ್ದನಂತೆ. ಅದರಲ್ಲಿ ಹೊಗಳಿಕೆಯ ಗುಣವಾಚಕ ಒಂದೂ ಇಲ್ಲ. ನಮ್ಮ ಮಟ್ಟಿಗೆ ಅವನ ನಿಜವಾದ ವಿಮರ್ಶೆ ಅದೇ; ರಟ್ಟಿನ ತಮಾಷೆ ಬರೀ ಬುದ್ಧಿವಂತಿಕೆ.

ಆದ್ದರಿಂದ 'ನೈಸ್' ಅನ್ನಿ, 'ಚೆನ್ನಾಗಿದೆ' ಅನ್ನಿ, ತಪ್ಪೇನಿಲ್ಲ. ಅದರ ಹಿಂದೆ ಇನ್ನೊಂದು ವಾಕ್ಯ ಬರಲಿ. ಯಾವ ಸಾಲಿನಲ್ಲಿ ಕೈಯಲ್ಲಿದ್ದ ಕಾಫಿ ಆರಿತು, ಯಾವ ಪುಟದಲ್ಲಿ ಆಕಳಿಕೆ ಬಂತು ಎಂದು ಹೇಳಿ. ಬರೆದವರಿಗೆ ಆಕಳಿಕೆಯ ಸುದ್ದಿಯೂ ಮರ್ಯಾದೆಯೇ. ಅಲ್ಲಿಯವರೆಗೆ ಓದಿದ್ದೀರಿ ಎಂದಾದರೂ ಗೊತ್ತಾಗುತ್ತದೆ.