ರೋಗಿಯ ಎದುರಿಗೆ ನಿಲ್ಲಿಸಿದ ಚಿತ್ರ

ಉಮರ್ಗಾ, ನಿಲಂಗಾ, ಉದಗೀರದ ನಮ್ಮ ಜೋಳದ ಸೀಮೆಯಲ್ಲಿ ಕೆಲವು ವರ್ಷ ತೆನೆಯಿಂದ ಜೇನಿನಂಥ ಅಂಟು ಒಸರುತ್ತದೆ. ಅದೊಂದು ಶಿಲೀಂಧ್ರದ ಕೆಲಸ. ಅದೇ ಬಳಗದ ಎರ್ಗಾಟ್ ಮಧ್ಯಯುಗದ ಯುರೋಪಿನಲ್ಲಿ ರೈ ಎಂಬ ಧಾನ್ಯಕ್ಕೆ ಹತ್ತಿತ್ತು. ಆ ಹಿಟ್ಟಿನ ರೊಟ್ಟಿ ತಿಂದವರ ಕೈಕಾಲು ಉರಿದು, ಕಪ್ಪಾಗಿ, ಕೊಳೆತು ಕಳಚುತ್ತಿದ್ದವು. ಜನ ಅದನ್ನು ಸಂತ ಅಂತೋನಿಯ ಬೆಂಕಿ ಎಂದರು.

ಅಂತೋನಿ ಪಂಥದ ಸನ್ಯಾಸಿಗಳು ಈ ರೋಗಿಗಳಿಗೆ ಒಳ್ಳೆಯ ರೊಟ್ಟಿ, ಸೊಪ್ಪಿನ ಮುಲಾಮು ಕೊಟ್ಟು ನೋಡಿಕೊಳ್ಳುತ್ತಿದ್ದರು. ಅಲ್ಸಾಸ್ ಸೀಮೆಯ ಇಸೆನ್‌ಹೈಮ್‌ನಲ್ಲಿದ್ದ ಅವರ ಮಠ, ಆಸ್ಪತ್ರೆಗಾಗಿ ಸುಮಾರು 1512ರಿಂದ 1516ರವರೆಗೆ ಮಥಿಯಾಸ್ ಗ್ರೂನೆವಾಲ್ಡ್ ಬಲಿಪೀಠದ ಹಲಗೆಗಳ ಮೇಲೆ ಚಿತ್ರ ಬರೆದ. ಮರದ ಮೂರ್ತಿಗಳನ್ನು ಕೆತ್ತಿದವನು ಹಾಗೆನೌ ಊರಿನ ನಿಕ್ಲಾಸ್.

ಗ್ರೂನೆವಾಲ್ಡ್ ಬರೆದ ಶಿಲುಬೆಯ ಮೇಲಿನ ಯೇಸುವನ್ನು ನೋಡಿ: ಮೈ ಹಸಿರುಗಟ್ಟಿದೆ, ತುಂಬ ಗಾಯ, ಬೆರಳುಗಳು ಸೆಟೆದು ಚಾಚಿವೆ. ಅಂದಗಾಣಿಸುವ ಒಂದು ಗೆರೆಯೂ ಇಲ್ಲ. ನರಳುವವನಿಗೆ ಸುಂದರ ದೇವರನ್ನು ತೋರಿಸುವುದು ಸುಲಭವಿತ್ತು. ಗ್ರೂನೆವಾಲ್ಡ್ ರೋಗಿಯ ಚರ್ಮವನ್ನೇ ದೇವರಿಗೆ ಹೊದಿಸಿದ. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಸಾಂತ್ವನವನ್ನು ಯಾವ ಚಿತ್ರಕಾರನೂ ಕೊಟ್ಟಿಲ್ಲ. ಅಂತೋನಿಯನ್ನು ದೆವ್ವಗಳು ಕಾಡುವ ಹಲಗೆಯಲ್ಲಂತೂ, ಕೆಳಗೆ ಎಡಮೂಲೆಯಲ್ಲಿ ಹೊಟ್ಟೆ ಉಬ್ಬಿ ಮೈತುಂಬ ಹುಣ್ಣಾದ ಒಂದು ಜೀವ ಬಿದ್ದಿದೆ.

ಹಲಗೆಗಳನ್ನು ತೆರೆದರೆ ಇನ್ನೊಂದು ಲೋಕ. ಬೆಳಕಿನ ದೊಡ್ಡ ಬಳೆಯೊಳಗೆ ಮೇಲೇಳುವ ಯೇಸುವಿನ ಮೈಯಲ್ಲಿ ಆ ಹುಣ್ಣುಗಳಿಲ್ಲ. ಇಬ್ಬರು ಸಂತರು ಕೂತು ಮಾತಾಡುವ ಕಡೆ ಅವರ ಕಾಲಬುಡದಲ್ಲಿ ಸೊಪ್ಪುಗಳಿವೆ, ಒಂದೊಂದನ್ನೂ ಗುರುತಿಸಬಹುದು. ಮುಲಾಮಿಗೆ ಅರೆಯುತ್ತಿದ್ದಂಥವೇ ಅವು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಈ ಹಲಗೆಗಳನ್ನು ಕೋಲ್ಮಾರ್‌ಗೆ ಸಾಗಿಸಿದರು; ಈಗ ಅಲ್ಲಿಯ ಉಂಟರ್‌ಲಿಂಡೆನ್ ಮ್ಯೂಸಿಯಂನಲ್ಲಿವೆ.